ಹಿಮದಡಿಯ ಗೊಬ್ಬರ ಕರಗಿದಾಗ: ಟಂಡ್ರಾದಲ್ಲಿ ಸಾರಜನಕದ ಲೆಕ್ಕಾಚಾರ

ಅದು 1981ನೇ ಇಸವಿ. ಅಮೆರಿಕದ ಅಲಾಸ್ಕಾ ರಾಜ್ಯದ ಉತ್ತರ ಭಾಗದಲ್ಲಿ, ಬ್ರೂಕ್ಸ್ ಪರ್ವತಶ್ರೇಣಿಯ ತಪ್ಪಲಿನ ಟೂಲಿಕ್ ಸರೋವರದ ಬಳಿ ಕೆಲವು ವಿಜ್ಞಾನಿಗಳು ನೆಲದ ಸಣ್ಣ ಸಣ್ಣ ತುಂಡುಗಳನ್ನು ಗುರುತು ಮಾಡಿ ಅವುಗಳ ಮೇಲೆ ರಸಗೊಬ್ಬರ ಎರಚಿದರು. ಅಲ್ಲಿ ಯಾವ ಬೆಳೆಯೂ ಇರಲಿಲ್ಲ. ಕಣ್ಣು ಹಾಯುವಷ್ಟು ದೂರವೂ ಮೊಣಕಾಲೆತ್ತರ ಮೀರದ ಹುಲ್ಲು, ಹಾವಸೆ, ಕುಳ್ಳ ಪೊದೆಗಳು ಮಾತ್ರ. ಪ್ರತಿ ಚದರ ಮೀಟರಿಗೆ 10 ಗ್ರಾಂ ಸಾರಜನಕ, 5 ಗ್ರಾಂ ರಂಜಕ. ಹೆಕ್ಟೇರಿಗೆ ಲೆಕ್ಕ ಹಾಕಿದರೆ 100 ಕೆ.ಜಿ. ಸಾರಜನಕ, ನಮ್ಮ ರೈತರ ಭಾಷೆಯಲ್ಲಿ ಹೇಳುವುದಾದರೆ ಹೆಚ್ಚುಕಡಿಮೆ ಐದು ಚೀಲ ಯೂರಿಯಾಕ್ಕೆ ಸಮ. ಮರುವರ್ಷವೂ ಅಷ್ಟೇ ಗೊಬ್ಬರ, ಅದರ ಮರುವರ್ಷವೂ ಅಷ್ಟೇ.

ಯಾರೂ ಕೊಯ್ಲು ಮಾಡದ ನೆಲಕ್ಕೆ ಇಷ್ಟೊಂದು ಗೊಬ್ಬರವೇಕೆ? ಪ್ರಶ್ನೆ ಸಹಜ. ಆದರೆ ಭೂಮಿಯ ಹವಾಮಾನದ ಮುಂದಿನ ಗತಿಯನ್ನು ಲೆಕ್ಕ ಹಾಕುವವರು ಇಂದಿಗೂ ಈ ತುಂಡುನೆಲಗಳ ಫಲಿತಾಂಶವನ್ನು ಮುಂದಿಟ್ಟುಕೊಂಡೇ ವಾದ ಮಾಡುತ್ತಾರೆ. ಮೊದಲ 20 ವರ್ಷಗಳಲ್ಲಿ ಅವು ನೀಡಿದ ಉತ್ತರ ಒಂದು, ನಂತರದ 15 ವರ್ಷಗಳಲ್ಲಿ ನೀಡಿದ ಉತ್ತರ ಅದಕ್ಕೆ ತದ್ವಿರುದ್ಧ. ಅದನ್ನು ಅರಿಯಬೇಕಾದರೆ ಮೊದಲು ಟಂಡ್ರಾ ಎಂದರೇನು, ಅಲ್ಲಿ ಸಾರಜನಕಕ್ಕೆ ಅಷ್ಟು ಬರ ಏಕೆ ಎಂಬುದನ್ನು ನೋಡಬೇಕಾಗುತ್ತದೆ.

ಮರವಿಲ್ಲದ ನಾಡು

ಉತ್ತರ ಧ್ರುವದ ಸುತ್ತ, ಅಲಾಸ್ಕಾ, ಕೆನಡಾ, ಗ್ರೀನ್‌ಲ್ಯಾಂಡ್, ಸ್ಕ್ಯಾಂಡಿನೇವಿಯಾದ ತುದಿ ಹಾಗೂ ಸೈಬೀರಿಯಾಗಳನ್ನು ಬಳಸಿಕೊಂಡು ಹಬ್ಬಿರುವ ಮರರಹಿತ ಭೂಪ್ರದೇಶವೇ ಟಂಡ್ರಾ. ಸಸ್ಯಗಳಿರುವ ಭಾಗವನ್ನಷ್ಟೇ ಎಣಿಸಿದರೂ ಅದರ ವಿಸ್ತೀರ್ಣ ಸುಮಾರು 50 ಲಕ್ಷ ಚದರ ಕಿ.ಮೀ. ಅಂದರೆ ಭಾರತದ ಒಂದೂವರೆ ಪಟ್ಟು. ಹಿಮದ ನಾಡು ಎಂದೊಡನೆ ಅಲ್ಲಿ ವರ್ಷವಿಡೀ ಹಿಮ ಸುರಿಯುತ್ತದೆ ಎಂದು ನಾವು ಭಾವಿಸುವುದುಂಟು. ವಾಸ್ತವವಾಗಿ ಅನೇಕ ಕಡೆ ಮಳೆ, ಹಿಮ ಎರಡೂ ಸೇರಿ ವರ್ಷಕ್ಕೆ 250 ಮಿ.ಮೀ. ದಾಟುವುದಿಲ್ಲ. ಮಳೆಯ ಲೆಕ್ಕದಲ್ಲಿ ಅದು ಮರುಭೂಮಿ. ಆದರೂ ಬೇಸಿಗೆಯಲ್ಲಿ ಕಾಲಿಟ್ಟಲ್ಲೆಲ್ಲ ಕೆಸರು.

ಈ ವೈಚಿತ್ರ್ಯಕ್ಕೆ ಕಾರಣ ನೆಲದಡಿಯ ಮಂಜುಗಡ್ಡೆ. ಪರ್ಮಾಫ್ರಾಸ್ಟ್ ಎಂದು ಕರೆಯಲಾಗುವ ಈ ಪದರ ಕನಿಷ್ಠ ಎರಡು ವರ್ಷ ಸತತವಾಗಿ ಹೆಪ್ಪುಗಟ್ಟಿರುವ ಮಣ್ಣು. ಎಷ್ಟೋ ಕಡೆ ಅದು ಹೆಪ್ಪುಗಟ್ಟಿ ಹತ್ತಾರು ಸಾವಿರ ವರ್ಷಗಳೇ ಸಂದಿವೆ. ಬೇಸಿಗೆಯಲ್ಲಿ ಅದರ ಮೇಲಿನ ತೆಳುಪದರ ಮಾತ್ರ ಕರಗುತ್ತದೆ. ಟೂಲಿಕ್ ಸುತ್ತಮುತ್ತ ಈ ಪದರದ ಆಳ ಸಾಮಾನ್ಯವಾಗಿ ಅರ್ಧ ಮೀಟರಿನೊಳಗೆ. ಕರಗಿದ ನೀರು ಕೆಳಗೆ ಇಂಗಲಾರದು, ಮೇಲೆಯೇ ನಿಲ್ಲುತ್ತದೆ. ಗಿಡದ ಬೇರು, ಹುಳುಹುಪ್ಪಟೆ, ಸೂಕ್ಷ್ಮಜೀವಿ ಎಲ್ಲವೂ ಆರರಿಂದ ಹತ್ತು ವಾರಗಳ ಒಂದು ಗಡುವಿನೊಳಗೆ, ಒಂದು ಮೊಳ ಆಳದ ಮಣ್ಣಿನಲ್ಲಿಯೇ ಬಾಳನ್ನು ಮುಗಿಸಬೇಕು.

ಸತ್ತ ಎಲೆ, ಬೇರು, ಹಾವಸೆ ಅಲ್ಲಿ ಬೇಗ ಕೊಳೆಯುವುದಿಲ್ಲ. ಚಳಿ ಒಂದು ಕಾರಣ, ನೀರು ನಿಂತು ಗಾಳಿಯಾಡದಿರುವುದು ಮತ್ತೊಂದು. ಹೀಗೆ ಕೊಳೆಯದೆ ಉಳಿದ ವಸ್ತು ಸಹಸ್ರಾರು ವರ್ಷಗಳಿಂದ ಪದರ ಪದರವಾಗಿ ಕೂಡಿಕೊಂಡಿದೆ. ಉತ್ತರದ ಪರ್ಮಾಫ್ರಾಸ್ಟ್ ವಲಯದ ಮಣ್ಣಿನಲ್ಲಿರುವ ಇಂಗಾಲದ ಪ್ರಮಾಣ ಸುಮಾರು 1,500 ಶತಕೋಟಿ ಟನ್ ಎಂಬುದು ವಿಜ್ಞಾನಿಗಳ ಅಂದಾಜು. ಇದು ಇಂದು ವಾತಾವರಣದಲ್ಲಿರುವ ಇಂಗಾಲದ ಹೆಚ್ಚುಕಡಿಮೆ ಎರಡು ಪಟ್ಟು. ಇಂಗಾಲದ ಈ ಲೆಕ್ಕ ಪತ್ರಿಕೆಗಳಲ್ಲಿ ಆಗಾಗ ಬರುತ್ತಿರುತ್ತದೆ. ಅದರ ಜೊತೆಗೇ ಹೂತುಹೋಗಿರುವ ಸಾರಜನಕದ ಬಗ್ಗೆ ಬಂದಿರುವುದು ಕಡಿಮೆ.

ಸಮುದ್ರದ ನಡುವೆ ಬಾಯಾರಿಕೆ

ನಾವು ಉಸಿರಾಡುವ ಗಾಳಿಯಲ್ಲಿ ಶೇ. 78 ಭಾಗ ಸಾರಜನಕವೇ. 1772ರಲ್ಲಿ ಸ್ಕಾಟ್ಲೆಂಡಿನ ಡೇನಿಯಲ್ ರುದರ್‌ಫರ್ಡ್ ಅದನ್ನು ಬೇರ್ಪಡಿಸಿ ಗುರುತಿಸಿದ. ಪ್ರೋಟೀನು, ವಂಶವಾಹಿ, ಎಲೆಯ ಹಸಿರು ಬಣ್ಣ ಇವೆಲ್ಲಕ್ಕೂ ಸಾರಜನಕ ಬೇಕೇ ಬೇಕು. ಆದರೆ ಗಾಳಿಯಲ್ಲಿರುವ ಸಾರಜನಕದ ಎರಡು ಪರಮಾಣುಗಳು ಮೂರು ಎಳೆಗಳ ಬಿಗಿಯಾದ ಬಂಧದಲ್ಲಿ ಕೂಡಿಕೊಂಡಿರುವುದರಿಂದ ಗಿಡಕ್ಕಾಗಲಿ ಪ್ರಾಣಿಗಾಗಲಿ ಅದನ್ನು ನೇರವಾಗಿ ಬಳಸಿಕೊಳ್ಳಲು ಬಾರದು. ಸಮುದ್ರದ ನಡುವೆ ಕುಡಿಯುವ ನೀರಿಲ್ಲದೆ ಕುಳಿತವನ ಸ್ಥಿತಿ ಜೀವಜಗತ್ತಿನದು.

ಈ ಬಂಧವನ್ನು ಮುರಿಯಬಲ್ಲವು ಕೆಲವೇ. ಸಿಡಿಲು ಒಂದಿಷ್ಟು ಮುರಿಯುತ್ತದೆ. ಕೆಲವು ಬ್ಯಾಕ್ಟೀರಿಯಾಗಳು ಮುರಿಯುತ್ತವೆ. ತೊಗರಿ, ಕಡಲೆ ಮುಂತಾದ ದ್ವಿದಳ ಸಸ್ಯಗಳ ಬೇರುಗಂಟಿನಲ್ಲಿ ನೆಲೆಸಿರುವುದು ಇವುಗಳ ಒಂದು ಗುಂಪು. ಮನುಷ್ಯ ಈ ವಿದ್ಯೆ ಕಲಿತದ್ದು ತೀರ ಇತ್ತೀಚೆಗೆ. ಜರ್ಮನಿಯ ಫ್ರಿಟ್ಜ್ ಹೇಬರ್ 1909ರಲ್ಲಿ ಪ್ರಯೋಗಾಲಯದಲ್ಲಿ ಅಮೋನಿಯಾ ತಯಾರಿಸಿ ತೋರಿಸಿದ. ಕಾರ್ಲ್ ಬಾಷ್ ಅದನ್ನು ಕಾರ್ಖಾನೆಗೆ ಇಳಿಸಿದ. 1913ರಲ್ಲಿ ಓಪಾವ್ ಎಂಬಲ್ಲಿ ಉತ್ಪಾದನೆ ಆರಂಭವಾಯಿತು. ಇಂದು ನಮ್ಮ ಹೊಲಗಳಿಗೆ ಬೀಳುವ ಯೂರಿಯಾದ ಮೂಲ ಅದೇ ವಿಧಾನ. ಕಾರ್ಖಾನೆ 400-500 ಡಿಗ್ರಿ ಶಾಖ ಹಾಗೂ ಭಾರೀ ಒತ್ತಡ ಬಳಸಿ ಮಾಡುವ ಕೆಲಸವನ್ನು ಬರಿಗಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಸದ್ದಿಲ್ಲದೆ ಮಣ್ಣಿನ ಶಾಖದಲ್ಲೇ ಮಾಡಿ ಮುಗಿಸುತ್ತದೆ!

ಹೀಗೆ ಒಮ್ಮೆ ಜೀವಲೋಕದೊಳಗೆ ಬಂದ ಸಾರಜನಕ ಅಲ್ಲಿಯೇ ಸುತ್ತುತ್ತದೆ. ಗಿಡ, ಪ್ರಾಣಿ ಸತ್ತಾಗ ಸೂಕ್ಷ್ಮಜೀವಿಗಳು ಅವುಗಳ ಪ್ರೋಟೀನನ್ನು ಒಡೆದು ಅಮೋನಿಯಂ ಆಗಿಸುತ್ತವೆ. ಬೇರೊಂದು ಗುಂಪಿನ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಗಿಡಗಳು ಇವೆರಡನ್ನೂ ಹೀರಿಕೊಳ್ಳುತ್ತವೆ. ಉಳಿದ ನೈಟ್ರೇಟನ್ನು ಗಾಳಿಯಾಡದ ಮಣ್ಣಿನಲ್ಲಿ ಮತ್ತೊಂದು ಗುಂಪು ಪುನಃ ಅನಿಲವಾಗಿಸಿ ವಾತಾವರಣಕ್ಕೆ ಮರಳಿಸುತ್ತದೆ. ಶಾಲೆಯ ಪುಸ್ತಕದಲ್ಲಿ ಬಾಣದ ಗುರುತುಗಳಿಂದ ಕೂಡಿದ ವೃತ್ತದ ಚಿತ್ರ ಎಲ್ಲರೂ ಕಂಡಿದ್ದೇ. ಸಮಶೀತೋಷ್ಣ ವಲಯದ ಹೊಲ, ಕಾಡುಗಳಿಗೆ ಆ ಚಿತ್ರ ಸರಿಯಾಗಿ ಹೊಂದುತ್ತದೆ. ಟಂಡ್ರಾದಲ್ಲಿ ಮಾತ್ರ ಅದರ ಬಹುತೇಕ ಬಾಣಗಳು ಕೂದಲೆಳೆಯಷ್ಟು ತೆಳು.

ಪಠ್ಯಪುಸ್ತಕ ತಪ್ಪಿದ್ದೆಲ್ಲಿ?

ಟಂಡ್ರಾದ ಮಣ್ಣಿನಲ್ಲಿ ಸಾರಜನಕಕ್ಕೆ ಕೊರತೆಯಿಲ್ಲ. ಕೊರತೆಯಿರುವುದು ಬಳಕೆಗೆ ಸಿಗುವ ಸಾರಜನಕಕ್ಕೆ. ಅಲ್ಲಿರುವುದರ ಬಹುಪಾಲು ಅರೆಬರೆ ಕೊಳೆತ ಸಸ್ಯವಸ್ತುವಿನೊಳಗೆ ಬೀಗ ಹಾಕಿ ಇಟ್ಟಂತಿದೆ. ಚಳಿಯಲ್ಲಿ ಸೂಕ್ಷ್ಮಜೀವಿಗಳು ಅದನ್ನು ಬಿಡಿಸುವುದು ಬಹಳ ನಿಧಾನ. ಬಿಡಿಸಿದ್ದನ್ನೂ ತಮ್ಮ ಹೊಟ್ಟೆಗೇ ಹಾಕಿಕೊಳ್ಳುತ್ತವೆ. ಬೇಸಿಗೆಯ ಬೆಳವಣಿಗೆಯ ದಿನಗಳಲ್ಲಿ ಮಣ್ಣಿನಿಂದ ಗಿಡಗಳಿಗೆ ಹೊರಬೀಳುವ ಅಮೋನಿಯಂ, ನೈಟ್ರೇಟ್‌ಗಳನ್ನು ಅಳೆದು ನೋಡಿದಾಗ, ಗಿಡಗಳು ನಿಜಕ್ಕೂ ಹೀರಿಕೊಂಡಿದ್ದ ಸಾರಜನಕ ಅದಕ್ಕಿಂತ ಹೆಚ್ಚಾಗಿತ್ತು. ಹಾಗಾದರೆ ಉಳಿದದ್ದು ಬಂದದ್ದೆಲ್ಲಿಂದ?

ಟೆರ್ರಿ ಚಾಪಿನ್ ಮತ್ತು ಸಂಗಡಿಗರು 1993ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದಕ್ಕೊಂದು ಉತ್ತರ ಪ್ರಕಟಿಸಿದರು. ಟಂಡ್ರಾದಲ್ಲಿ ಗುಪ್ಪೆ ಗುಪ್ಪೆಯಾಗಿ ಬೆಳೆದು ಬಿಳಿ ಹತ್ತಿಯಂಥ ತೆನೆ ಬಿಡುವ ಹತ್ತಿಹುಲ್ಲು, ಬ್ಯಾಕ್ಟೀರಿಯಾಗಳು ಪ್ರೋಟೀನನ್ನು ಪೂರ್ತಿ ಒಡೆಯುವವರೆಗೆ ಕಾಯುವುದೇ ಇಲ್ಲ. ಅರ್ಧ ಒಡೆದ ಸ್ಥಿತಿಯಲ್ಲಿರುವ ಅಮೈನೋ ಆಮ್ಲಗಳನ್ನೇ ಬೇರಿನಿಂದ ನೇರ ಹೀರಿಕೊಳ್ಳುತ್ತದೆ. ಅದು ಪಡೆಯುವ ಸಾರಜನಕದ ಕನಿಷ್ಠ ಶೇ. 60 ಭಾಗ ಹೀಗೆ ಬರುತ್ತಿರಬಹುದು ಎಂದು ಅವರು ಅಂದಾಜಿಸಿದರು. ಗಿಡಗಳು ಖನಿಜ ರೂಪದ ಸಾರಜನಕವನ್ನಷ್ಟೇ ತಿನ್ನುತ್ತವೆ ಎಂದು ಬಹುಕಾಲದಿಂದ ಬೋಧಿಸುತ್ತಿದ್ದವರಿಗೆ ಇದು ಅರಗಿಸಿಕೊಳ್ಳಲು ಸುಲಭವಾದ ಸಂಗತಿಯಾಗಿರಲಿಲ್ಲ.

ಎಲ್ಲ ಗಿಡಗಳಿಗೂ ಈ ಸಾಮರ್ಥ್ಯ ಸಮನಾಗಿಲ್ಲ. ಕುಬ್ಜ ಭೂರ್ಜ, ಕುಬ್ಜ ವಿಲ್ಲೋ ಮುಂತಾದ ಪೊದೆಗಳು ಶಿಲೀಂಧ್ರಗಳ ಜೊತೆ ಒಪ್ಪಂದ ಮಾಡಿಕೊಂಡಿವೆ. ಬೇರಿಗೆ ಅಂಟಿಕೊಂಡ ಶಿಲೀಂಧ್ರದ ಎಳೆಗಳು ದೂರದೂರಕ್ಕೆ ಹರಡಿ ಸಾರಜನಕ ತಂದುಕೊಡುತ್ತವೆ. ಗಿಡ ಪ್ರತಿಯಾಗಿ ಸಕ್ಕರೆ ಕೊಡುತ್ತದೆ. ಟೂಲಿಕ್‌ನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಇಂಥ ಗಿಡಗಳ ಸಾರಜನಕದ ಶೇ. 61ರಿಂದ 86 ಭಾಗ ಶಿಲೀಂಧ್ರಗಳ ಮೂಲಕವೇ ಬರುತ್ತದೆ. ಇದನ್ನು ಕೊಡುಕೊಳ್ಳುವಿಕೆ ಎನ್ನುವುದಕ್ಕಿಂತ ಅವಲಂಬನೆ ಎನ್ನುವುದೇ ಮೇಲು.

ಹೊಸ ಸಾರಜನಕವನ್ನು ಗಾಳಿಯಿಂದ ತರುವ ಕೆಲಸ ಇಲ್ಲಿ ಮುಖ್ಯವಾಗಿ ನೀಲಿ-ಹಸಿರು ಬ್ಯಾಕ್ಟೀರಿಯಾಗಳದ್ದು. ಅವು ಹಾವಸೆಯ ಎಲೆಸಂದಿಯಲ್ಲಿ ನೆಲೆಸಿರುತ್ತವೆ. ಕೆಲವು ಬಗೆಯ ಕಲ್ಲುಹೂವಿನ ಒಳಗೂ ಇರುತ್ತವೆ. ಬಿಸಿಬೇಳೆಬಾತಿನ ಪುಡಿಗೆ ನಾವು ಹಾಕುವ ಕಲ್ಲುಹೂವಿನ ದೂರದ ಬಂಧುಗಳು ಇವು ಎನ್ನಬಹುದು. ಕೆಲವೆಡೆ ಕಾಡು ದ್ವಿದಳ ಗಿಡಗಳೂ ಉಂಟು. ಆದರೆ ಚಳಿ ಹೆಚ್ಚಿದಂತೆ ಈ ಜೀವಿಗಳ ಕೆಲಸದ ವೇಗ ಕುಸಿಯುತ್ತದೆ. ಆದ್ದರಿಂದ ವರ್ಷಕ್ಕೆ ಸೇರುವ ಹೊಸ ಸಾರಜನಕ ಅತ್ಯಲ್ಪ. ಹೊರಹೋಗುವುದೂ ಅತ್ಯಲ್ಪ. ಇದ್ದ ದುಡ್ಡನ್ನೇ ಮನೆಮಂದಿಯ ನಡುವೆ ತಿರುಗಿಸುತ್ತಾ ಸಂಸಾರ ಸಾಗಿಸುವ ಬಡ ಕುಟುಂಬದ ಹಾಗೆ.

ಹಿಮಸಾರಂಗದ ದೇಹವೂ ಇದೇ ಜಿಪುಣತನವನ್ನು ರೂಢಿಸಿಕೊಂಡಿದೆ. ಚಳಿಗಾಲದಲ್ಲಿ ಅದು ತಿನ್ನುವ ಕಲ್ಲುಹೂವಿನಲ್ಲಿ ಪ್ರೋಟೀನು ತೀರ ಕಡಿಮೆ. ಹಾಗಾಗಿ ಮೂತ್ರದಲ್ಲಿ ಹೊರಹೋಗಬೇಕಾದ ಯೂರಿಯಾದ ಒಂದಂಶವನ್ನು ಅದರ ದೇಹ ಮತ್ತೆ ಮೆಲುಕುಚೀಲಕ್ಕೆ ಕಳಿಸುತ್ತದೆ. ಅಲ್ಲಿನ ಸೂಕ್ಷ್ಮಜೀವಿಗಳು ಅದನ್ನು ಪುನಃ ಪ್ರೋಟೀನಾಗಿಸಿಕೊಡುತ್ತವೆ.

ನರಿಯ ತೋಟ, ಹೆಬ್ಬಾತಿನ ಹಾವಳಿ

ಬಡತನದ ಈ ನೆಲದಲ್ಲಿ ಅಲ್ಲಲ್ಲಿ ಅಚ್ಚಹಸಿರಿನ ತೇಪೆಗಳು ಕಾಣಸಿಗುತ್ತವೆ. ಅವುಗಳಲ್ಲಿ ಹಲವು ಧ್ರುವನರಿಗಳ ಬಿಲಗಳ ಮೇಲಿನವು. ತಲೆಮಾರುಗಳಿಂದ ಬಳಕೆಯಲ್ಲಿರುವ ಬಿಲದ ಸುತ್ತ ನರಿಯ ಮಲಮೂತ್ರ, ಅದು ತಿಂದುಬಿಟ್ಟ ಬೇಟೆಯ ಅವಶೇಷ ಕೂಡಿಕೊಳ್ಳುತ್ತವೆ. ಕೆನಡಾದ ಮ್ಯಾನಿಟೋಬ ಪ್ರಾಂತದ ಚರ್ಚಿಲ್ ಬಳಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೇಸಿಗೆಯ ಕೊನೆಗೆ ಬಿಲಗಳ ಮೇಲಿನ ಸಸ್ಯರಾಶಿ ಸುತ್ತಲಿನ ಟಂಡ್ರಾಕ್ಕಿಂತ ಸುಮಾರು ಮೂರು ಪಟ್ಟು ಹೆಚ್ಚಿತ್ತು. ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಸಮೂಹದಲ್ಲಿ ಕಡಲಹಕ್ಕಿಗಳು ಗೂಡು ಕಟ್ಟುವ ಬಂಡೆಗಳ ಬುಡದಲ್ಲೂ ಇಂಥದೇ ಹಸಿರು. ಅಲ್ಲಿನ ಗೊಬ್ಬರ ಸಮುದ್ರದಿಂದ ಹಕ್ಕಿಯ ಹೊಟ್ಟೆಯಲ್ಲಿ ಬಂದದ್ದು.

ಆದರೆ ಸಾರಜನಕ ಹೆಚ್ಚಾದರೆ ಏನಾಗಬಹುದು ಎಂಬುದಕ್ಕೆ ಚರ್ಚಿಲ್ ಸಮೀಪದ ಲಾ ಪೆರೂಸ್ ಕೊಲ್ಲಿಗಿಂತ ಕಟುವಾದ ಉದಾಹರಣೆ ಸಿಗುವುದು ಕಷ್ಟ. ಹಡ್ಸನ್ ಕೊಲ್ಲಿಯ ದಡದ ಈ ಉಪ್ಪುಜೌಗಿಗೆ ಪ್ರತಿ ಬೇಸಿಗೆಯಲ್ಲೂ ಹಿಮ ಹೆಬ್ಬಾತುಗಳು ಮರಿ ಮಾಡಲು ಬರುತ್ತವೆ. 1968ರಲ್ಲಿ ಫ್ರೆಡ್ ಕುಕ್ ಅವುಗಳ ಅಧ್ಯಯನ ಆರಂಭಿಸಿದರು. ನಂತರ ಟೊರಾಂಟೊ ವಿಶ್ವವಿದ್ಯಾಲಯದ ರಾಬರ್ಟ್ ಜೆಫರೀಸ್ ಅಲ್ಲಿನ ಸಸ್ಯ, ಮಣ್ಣುಗಳ ಅಭ್ಯಾಸಕ್ಕೆ ಇಳಿದರು. ಆರಂಭದಲ್ಲಿ ಅವರು ಕಂಡದ್ದು ಸೊಗಸಾದ ಹೊಂದಾಣಿಕೆ. ಹೆಬ್ಬಾತು ಹುಲ್ಲನ್ನು ಮೇಯುತ್ತದೆ, ಕೆಲವೇ ನಿಮಿಷಕ್ಕೊಮ್ಮೆ ಹಿಕ್ಕೆ ಹಾಕುತ್ತದೆ. ತಣ್ಣನೆಯ ಮಣ್ಣಿನಲ್ಲಿ ತಿಂಗಳುಗಟ್ಟಲೆ ಹಿಡಿಯುವ ಕೊಳೆಯುವಿಕೆಯ ಕೆಲಸ ಹಕ್ಕಿಯ ಬೆಚ್ಚನೆಯ ಕರುಳಿನಲ್ಲಿ ಗಂಟೆಯೊಪ್ಪತ್ತಿನಲ್ಲಿ ಮುಗಿದುಹೋಗುತ್ತದೆ. ಹಿಕ್ಕೆಯ ಸಾರಜನಕ ಉಂಡ ಹುಲ್ಲು ಮತ್ತೆ ಚಿಗುರುತ್ತದೆ. ಮೇದ ಜಾಗದಲ್ಲಿ ಬಿಸಿಲು ಬಿದ್ದು ನೀಲಿ-ಹಸಿರು ಬ್ಯಾಕ್ಟೀರಿಯಾಗಳೂ ಚುರುಕಾಗುತ್ತವೆ. ಹದವಾಗಿ ಮೇಯಿಸಿದ ಜೌಗು ಮೇಯಿಸದ ಜೌಗಿಗಿಂತ ಹೆಚ್ಚು ಬೆಳೆಯಿತು.

ಆಮೇಲೆ ಹೆಬ್ಬಾತುಗಳ ಸಂಖ್ಯೆ ಮಿತಿ ಮೀರಿತು. ಅದಕ್ಕೆ ಕಾರಣ ಟಂಡ್ರಾದಲ್ಲಿರಲಿಲ್ಲ. ಸಾವಿರಾರು ಕಿ.ಮೀ. ದಕ್ಷಿಣದಲ್ಲಿ, ಅವು ಚಳಿಗಾಲ ಕಳೆಯುವ ಹಾಗೂ ಹಾದುಬರುವ ಅಮೆರಿಕದ ಹೊಲಗಳಲ್ಲಿತ್ತು. ಮೊದಲು ಕರಾವಳಿಯ ಜೌಗಿನ ಗೆಡ್ಡೆ ತಿಂದು ಬದುಕುತ್ತಿದ್ದ ಹಕ್ಕಿಗಳಿಗೆ ಕೊಯ್ಲಾದ ಭತ್ತದ ಗದ್ದೆ, ಮೆಕ್ಕೆಜೋಳದ ಹೊಲಗಳಲ್ಲಿ ಉದುರಿದ ಕಾಳು ಸಿಕ್ಕಿತು. ರಸಗೊಬ್ಬರದ ಬಲದಿಂದ ಬೆಳೆದ ಕಾಳು ಅದು. ಹಸಿದು ಸಾಯಬೇಕಿದ್ದ ಹಕ್ಕಿಗಳು ಬದುಕುಳಿದವು, ಕೊಬ್ಬಿದವು, ಹೆಚ್ಚು ಮೊಟ್ಟೆ ಇಟ್ಟವು. ಕಾರ್ಖಾನೆಯಲ್ಲಿ ತಯಾರಾದ ಸಾರಜನಕ ಹೀಗೆ ಯಾರೂ ಊಹಿಸದ ಹಾದಿಯಲ್ಲಿ ರೆಕ್ಕೆ ಕಟ್ಟಿಕೊಂಡು ಟಂಡ್ರಾ ತಲುಪಿತು.

ವಸಂತದಲ್ಲಿ ಹಿಮ ಕರಗುವ ಮುನ್ನವೇ ಬಂದಿಳಿದ ಹಕ್ಕಿಗಳು ಹುಲ್ಲನ್ನು ಬೇರುಸಹಿತ ಕಿತ್ತವು. ಬರಿದಾದ ನೆಲ ಬಿಸಿಲಿಗೆ ಒಣಗಿತು. ಕೆಳಗಿನ ಹಳೆಯ ಸಮುದ್ರಜೇಡಿಯಿಂದ ಉಪ್ಪು ಮೇಲೇರಿತು. ಉಪ್ಪೇರಿದ ಮಣ್ಣಿನಲ್ಲಿ ಹುಲ್ಲು ಮತ್ತೆ ಹುಟ್ಟಲಿಲ್ಲ. ಜೌಗು ಅಲ್ಲಲ್ಲಿ ಬೋಳು ಕೆಸರುಬಯಲಾಯಿತು. ಅಮೆರಿಕ ಸರ್ಕಾರ 1999ರಲ್ಲಿ ವಿಶೇಷ ಕಾಯಿದೆಯನ್ನೇ ತಂದು ಬೇಟೆಯ ಮಿತಿಗಳನ್ನು ಸಡಿಲಿಸಿತು. ಕೆನಡಾ ಕೂಡ ವಸಂತಕಾಲದ ಬೇಟೆಗೆ ಅನುಮತಿ ನೀಡಿತು. ಪಕ್ಷಿಗಳನ್ನು ಉಳಿಸಲೆಂದು ಹುಟ್ಟಿದ ಇಲಾಖೆಗಳೇ ಅವುಗಳನ್ನು ಹೆಚ್ಚು ಹೊಡೆಯಿರಿ ಎಂದು ಕೇಳಿಕೊಳ್ಳಬೇಕಾಗಿ ಬಂದದ್ದು ವಿಪರ್ಯಾಸ. ಅಷ್ಟಾದರೂ ಬೇಟೆಯೊಂದರಿಂದಲೇ ಸಂಖ್ಯೆ ಹತೋಟಿಗೆ ಬರಲಿಲ್ಲ ಎಂಬ ವಾದ ನಂತರದ ಅಧ್ಯಯನಗಳಲ್ಲಿ ಕೇಳಿಬಂತು.

ಟೂಲಿಕ್ ಹೇಳಿದ ಎರಡು ಉತ್ತರಗಳು

ಈಗ ಮತ್ತೆ ಟೂಲಿಕ್‌ನ ಗೊಬ್ಬರದ ತುಂಡುನೆಲಗಳಿಗೆ ಮರಳೋಣ. ಅಲಾಸ್ಕಾ ವಿಶ್ವವಿದ್ಯಾಲಯ 1975ರಿಂದ ಅಲ್ಲಿ ಸಂಶೋಧನಾ ಕೇಂದ್ರ ನಡೆಸುತ್ತಿದೆ. ಚಾಪಿನ್, ಗಸ್ ಶೇವರ್ ಮುಂತಾದವರ ತರ್ಕ ಸರಳವಾಗಿತ್ತು. ಭೂಮಿ ಬಿಸಿಯೇರಿದರೆ ಟಂಡ್ರಾದ ಮಣ್ಣಿನಲ್ಲಿ ಕೊಳೆಯುವಿಕೆ ವೇಗ ಪಡೆಯುತ್ತದೆ, ಬೀಗ ಹಾಕಿದ ಸಾರಜನಕ ಬಿಡುಗಡೆಯಾಗುತ್ತದೆ. ಆಗ ಏನಾಗುತ್ತದೆ ಎಂದು ತಿಳಿಯಲು ಬಿಸಿಯೇರುವವರೆಗೆ ಕಾಯುವುದೇಕೆ? ಗೊಬ್ಬರವನ್ನೇ ಹಾಕಿ ನೋಡೋಣ.

ನಿರೀಕ್ಷೆಯಂತೆ ಹಸಿರು ಹೆಚ್ಚಿತು. ಹತ್ತಿಹುಲ್ಲಿನ ಗುಪ್ಪೆಗಳು ಹಿಂದೆ ಸರಿದು ಕುಬ್ಜ ಭೂರ್ಜದ ಪೊದೆಗಳು ಮೇಲುಗೈ ಸಾಧಿಸಿದವು. ನೆಲದ ಮೇಲಿನ ಸಸ್ಯಗಳ ವಾರ್ಷಿಕ ಬೆಳವಣಿಗೆ ಇಮ್ಮಡಿಯಾಯಿತು. ಗಿಡ ಹೆಚ್ಚಿದರೆ ಅದು ಗಾಳಿಯ ಇಂಗಾಲವನ್ನು ಹೆಚ್ಚು ಹಿಡಿದಿಡುತ್ತದೆ, ತಾಪಮಾನ ಏರಿಕೆಗೆ ಪ್ರಕೃತಿಯೇ ಕಡಿವಾಣ ಹಾಕುತ್ತದೆ ಎಂದು ಆಶಿಸಿದ್ದವರಿಗೆ ಇದು ಸಿಹಿಸುದ್ದಿ.

ಆದರೆ ಮಿಶೆಲ್ ಮ್ಯಾಕ್ ಮತ್ತು ಸಹೋದ್ಯೋಗಿಗಳು 20 ವರ್ಷಗಳ ಗೊಬ್ಬರದ ನಂತರ ನೆಲವನ್ನು ಅಗೆದು ನೋಡಿದಾಗ ಲೆಕ್ಕ ಬುಡಮೇಲಾಗಿತ್ತು. 2004ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ, ಗೊಬ್ಬರ ಹಾಕಿದ ಪ್ರತಿ ಚದರ ಮೀಟರ್ ನೆಲ ಒಟ್ಟಾರೆ ಸುಮಾರು 2,000 ಗ್ರಾಂ ಇಂಗಾಲವನ್ನು ಕಳೆದುಕೊಂಡಿತ್ತು. ಮೇಲೆ ಪೊದೆಯಲ್ಲಿ ಕೂಡಿದ್ದಕ್ಕಿಂತ ಆಳದ ಮಣ್ಣಿನಿಂದ ಸೋರಿಹೋದದ್ದೇ ಹೆಚ್ಚು. ಸಾರಜನಕ ಸಿಕ್ಕ ಖುಷಿಯಲ್ಲಿ ಸೂಕ್ಷ್ಮಜೀವಿಗಳು ಹಳೆಯ ದಾಸ್ತಾನಿಗೂ ಕೈಹಾಕಿದ್ದವು. ಕಣ್ಣಿಗೆ ಹಸಿರು ಕಂಡರೂ ಕಾಲಡಿಯಲ್ಲಿ ಬೊಕ್ಕಸ ಖಾಲಿಯಾಗುತ್ತಿತ್ತು. ಉಪಗ್ರಹ ಚಿತ್ರದಲ್ಲಿ ಟಂಡ್ರಾ ಹಸಿರೇರುತ್ತಿರುವುದನ್ನು ಕಂಡು ಸಮಾಧಾನಪಡುವಂತಿಲ್ಲ ಎಂಬ ಎಚ್ಚರಿಕೆ ಅಲ್ಲಿಂದ ಮುಂದೆ ಅನೇಕ ಚರ್ಚೆಗಳಲ್ಲಿ ಮಾರ್ದನಿಸಿತು.

ಕಥೆ ಅಲ್ಲಿಗೆ ಮುಗಿದಿದ್ದರೆ ಸುಲಭವಿತ್ತು. ಆದರೆ ಗೊಬ್ಬರ ಹಾಕುವುದನ್ನು ಅವರು ನಿಲ್ಲಿಸಲಿಲ್ಲ. ಪ್ರಯೋಗಕ್ಕೆ 35 ವರ್ಷ ತುಂಬಿದ ಮೇಲೆ ಮೆಗನ್ ಮ್ಯಾಕ್‌ಮುಲ್ಲರ್ ನೇತೃತ್ವದ ತಂಡ ಮತ್ತೆ ಅಳತೆ ಮಾಡಿತು. 2024ರಲ್ಲಿ 'ನೇಚರ್ ಕ್ಲೈಮೇಟ್ ಚೇಂಜ್' ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶ ಇದು: ಮೊದಲ 20 ವರ್ಷಗಳಲ್ಲಿ ಕಳೆದುಹೋಗಿದ್ದ ಮಣ್ಣಿನ ಇಂಗಾಲ ನಂತರದ 15 ವರ್ಷಗಳಲ್ಲಿ ಪೂರ್ತಿಯಾಗಿ ಮರಳಿ ಬಂದಿತ್ತು. ಪೊದೆಗಳು ದಟ್ಟವಾದಂತೆ ಅವುಗಳ ಮತ್ತು ಸೂಕ್ಷ್ಮಜೀವಿಗಳ ನಡುವಿನ ಇಂಗಾಲ-ಸಾರಜನಕದ ವ್ಯವಹಾರ ಹೆಚ್ಚು ದಕ್ಷವಾಯಿತು, ಅಷ್ಟೇ ಸಾರಜನಕದಿಂದ ಹೆಚ್ಚು ಇಂಗಾಲ ನೆಲದಲ್ಲಿ ಉಳಿಯತೊಡಗಿತು ಎಂಬುದು ಅವರ ವಿವರಣೆ.

ಇದರ ನಡುವೆ ಮತ್ತೊಂದು ಪ್ರಯೋಗವೂ ಇದೆ. ಅದೇ ಟೂಲಿಕ್‌ನಲ್ಲಿ 1989ರಿಂದ ಕೆಲವು ತುಂಡುನೆಲಗಳ ಮೇಲೆ ಬೇಸಿಗೆಯಲ್ಲಿ ಪ್ಲಾಸ್ಟಿಕ್ ಹೊದಿಕೆಯ ಹಸಿರುಮನೆ ಕಟ್ಟಿ ಬಿಸಿಯೇರಿಸಲಾಗಿತ್ತು, ಗೊಬ್ಬರ ಹಾಕಿರಲಿಲ್ಲ. 20 ವರ್ಷಗಳ ಬಳಿಕ ಅಲ್ಲಿಯೂ ಪೊದೆ ಹೆಚ್ಚಿತ್ತು, ಆದರೆ ಮಣ್ಣಿನ ಒಟ್ಟು ಇಂಗಾಲದಲ್ಲಿ ವ್ಯತ್ಯಾಸ ಕಾಣಲಿಲ್ಲ ಎಂದು 2013ರ ವರದಿ ಹೇಳಿತು. ಗೊಬ್ಬರ ಹಾಕುವುದು, ಬಿಸಿಯೇರಿಸುವುದು ಎರಡೂ ಒಂದೇ ಅಲ್ಲ ಎಂಬುದು ಇದರಿಂದ ಸ್ಪಷ್ಟ. ಮೂರು ವರದಿಗಳಲ್ಲಿ ಯಾವುದೋ ಒಂದನ್ನು ಮಾತ್ರ ಹಿಡಿದುಕೊಂಡು ತಲೆಬರಹ ಬರೆಯುವುದು ನಮ್ಮ ವೃತ್ತಿಯವರಿಗೆ ಸುಲಭ. 2004ರಲ್ಲಿ ನಿಲ್ಲಿಸಿದ್ದರೆ ಅನಾಹುತದ ಸುದ್ದಿ, 2024ರದ್ದನ್ನು ಮಾತ್ರ ಓದಿದರೆ ನೆಮ್ಮದಿಯ ಸುದ್ದಿ. ಆದರೆ 20 ವರ್ಷಗಳ ಸೋರಿಕೆಯ ನಂತರ ಇಂಗಾಲ ಮರಳಿತೆಂದ ಮಾತ್ರಕ್ಕೆ, ಆ 20 ವರ್ಷ ಅದು ವಾತಾವರಣದಲ್ಲಿದ್ದು ಮಾಡಿದ ಕೆಲಸ ಸುಳ್ಳಾಗುವುದಿಲ್ಲ.

ಚಳಿಗಾಲದ ಗುಟ್ಟು

ಟಂಡ್ರಾದ ಚಳಿಗಾಲ ನಿರ್ಜೀವ ಎಂಬ ನಂಬಿಕೆಯೂ ಹುಸಿಯಾಗಿದೆ. ಸೂಕ್ಷ್ಮಜೀವಿಗಳು ಶೂನ್ಯಕ್ಕಿಂತ ಹಲವು ಡಿಗ್ರಿ ಕೆಳಗಿನ ಉಷ್ಣತೆಯಲ್ಲೂ, ಮಣ್ಣಿನ ಕಣಗಳ ಸುತ್ತ ಹೆಪ್ಪುಗಟ್ಟದೆ ಉಳಿದ ನೀರಿನ ತೆಳುಪೊರೆಯಲ್ಲಿ ಕೆಲಸ ಮುಂದುವರಿಸುತ್ತವೆ. ಅವುಗಳಿಗೆ ಬೇಕಾದದ್ದು ಒಂದು ಕಂಬಳಿ. ಆ ಕಂಬಳಿಯೇ ಹಿಮ.

ಮ್ಯಾಥ್ಯೂ ಸ್ಟರ್ಮ್ ಮತ್ತಿತರ ಸಂಶೋಧಕರು 2005ರಲ್ಲಿ ಇದರ ಸರಪಳಿಯನ್ನು ವಿವರಿಸಿದರು. ಬಯಲಿನಲ್ಲಿ ಬೀಸುವ ಗಾಳಿ ಹಿಮವನ್ನು ಹಾರಿಸಿಕೊಂಡು ಹೋಗುತ್ತದೆ. ಪೊದೆ ಇದ್ದಲ್ಲಿ ಅದು ತಡೆದು ನಿಲ್ಲುತ್ತದೆ. ಹಿಮ ದಪ್ಪವಾದಂತೆ ಅದರಡಿಯ ಮಣ್ಣು ಬೆಚ್ಚಗಿರುತ್ತದೆ. ಬೆಚ್ಚಗಿನ ಮಣ್ಣಿನಲ್ಲಿ ಚಳಿಗಾಲವಿಡೀ ಸಾರಜನಕ ಬಿಡುಗಡೆಯಾಗುತ್ತದೆ. ವಸಂತದಲ್ಲಿ ಆ ಗೊಬ್ಬರ ಉಂಡು ಪೊದೆ ಇನ್ನಷ್ಟು ಬೆಳೆಯುತ್ತದೆ, ಮುಂದಿನ ಚಳಿಗಾಲದಲ್ಲಿ ಇನ್ನಷ್ಟು ಹಿಮ ಹಿಡಿಯುತ್ತದೆ. ಮಂಜು ಕರಗಿದ ಮೇಲೂ ಪೊದೆಯ ಗಾಢಬಣ್ಣ ಬಿಸಿಲನ್ನು ಹೀರಿ ನೆಲವನ್ನು ಬಿಸಿ ಮಾಡುತ್ತದೆ. 1979ರಿಂದೀಚೆಗೆ ಉತ್ತರ ಧ್ರುವ ಪ್ರದೇಶ ಭೂಮಿಯ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯೇರಿದೆ ಎಂದು 2022ರ ಅಧ್ಯಯನವೊಂದು ಲೆಕ್ಕ ಹಾಕಿದೆ. ಪೊದೆಗಳ ಈ ಸರಪಳಿಗೆ ಅದು ಮತ್ತಷ್ಟು ಬಲ ನೀಡುತ್ತಿದೆ.

ನಗೆ ಅನಿಲದ ನಗೆಪಾಟಲಲ್ಲದ ಸಂಗತಿ

ಬೇರು ತಲುಪುವ ಮೇಲ್ಪದರದ ಕಥೆ ಇಷ್ಟಾದರೆ, ಅದರಡಿ ಹೆಪ್ಪುಗಟ್ಟಿರುವ ದಾಸ್ತಾನಿನದ್ದೇ ಬೇರೆ ಕಥೆ. ಸೈಬೀರಿಯಾ ಹಾಗೂ ಅಲಾಸ್ಕಾಗಳಲ್ಲಿ, ಮ್ಯಾಮತ್ ಆನೆಗಳು ಅಡ್ಡಾಡುತ್ತಿದ್ದ ಹಿಮಯುಗದಲ್ಲಿ ಶೇಖರವಾದ ಮಂಜುಗಡ್ಡೆ ಮಿಶ್ರಿತ ದಪ್ಪ ಮಣ್ಣಿನ ಪ್ರದೇಶಕ್ಕೆ ಯೆಡೋಮಾ ಎಂದು ಹೆಸರು. 2022ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ, ಸುಮಾರು 20 ಮೀಟರ್ ಆಳದವರೆಗೆ ಈ ಪ್ರದೇಶದಲ್ಲಿ 41.2 ಶತಕೋಟಿ ಟನ್ ಸಾರಜನಕವಿದೆ. ಅದರಲ್ಲಿ 37 ಶತಕೋಟಿ ಟನ್ ಈಗಲೂ ಹೆಪ್ಪುಗಟ್ಟಿಯೇ ಇದೆ. ಈ ಒಂದು ಲೆಕ್ಕದಿಂದಲೇ ಇಡೀ ಪರ್ಮಾಫ್ರಾಸ್ಟ್ ವಲಯದ ಸಾರಜನಕದ ಹಿಂದಿನ ಅಂದಾಜು ಶೇ. 46ರಷ್ಟು ಏರಿತು.

ಅದು ಕರಗಿದರೆ ಗಿಡಗಳಿಗೆ ಸಿಗುತ್ತದೆಯೇ? ಸಿಕ್ಕರೆ ಒಳ್ಳೆಯದೇ. ತೊಂದರೆ ಎಂದರೆ ತಳದ ಪರ್ಮಾಫ್ರಾಸ್ಟ್ ಕರಗುವುದು ಬೇಸಿಗೆಯ ಕೊನೆಯಲ್ಲಿ, ಆಗ ಬಹುತೇಕ ಗಿಡಗಳು ಎಲೆ ಉದುರಿಸಲು ತೊಡಗಿರುತ್ತವೆ. ಹಿಡಿಯುವವರಿಲ್ಲದ ಸಾರಜನಕ ನೈಟ್ರೇಟ್ ಆಗಿ ತೊರೆಗೆ ಹರಿದೀತು, ಇಲ್ಲವೇ ಅನಿಲವಾಗಿ ಮೇಲೆದ್ದೀತು. ಅನಿಲವಾಗುವ ಹಾದಿಯಲ್ಲಿ ಅರ್ಧಕ್ಕೆ ನಿಂತರೆ ಹೊರಬರುವುದು ನೈಟ್ರಸ್ ಆಕ್ಸೈಡ್. ದಂತವೈದ್ಯರು ಬಳಸುವ ನಗೆ ಅನಿಲ ಇದೇ. ನೂರು ವರ್ಷದ ಅವಧಿಯಲ್ಲಿ ಇಂಗಾಲದ ಡೈ ಆಕ್ಸೈಡಿಗಿಂತ 273 ಪಟ್ಟು ಹೆಚ್ಚು ಶಾಖ ಹಿಡಿದಿಡುವ ಶಕ್ತಿ ಇದಕ್ಕಿದೆ. ಓಜೋನ್ ಪದರಕ್ಕೂ ಇದು ಹಾನಿಕರ.

ಸಾರಜನಕಕ್ಕೆ ಅಷ್ಟು ಬರವಿರುವ ಟಂಡ್ರಾದಿಂದ ನೈಟ್ರಸ್ ಆಕ್ಸೈಡ್ ಬರುವುದು ಅಸಾಧ್ಯ ಎಂದೇ ಬಹುಕಾಲ ನಂಬಲಾಗಿತ್ತು. ರಷ್ಯಾದ ಐರೋಪ್ಯ ಭಾಗದ ಈಶಾನ್ಯದಲ್ಲಿರುವ ಸೇಯ್ದಾ ಎಂಬಲ್ಲಿ ಫಿನ್ಲೆಂಡಿನ ಸಂಶೋಧಕರು ಅಳೆದು 2009ರಲ್ಲಿ ಪ್ರಕಟಿಸಿದ ಅಂಕಿಗಳು ಆ ನಂಬಿಕೆಯನ್ನು ಮುರಿದವು. ಮಂಜಿನ ಒತ್ತಡಕ್ಕೆ ಮಣ್ಣು ಮಗುಚಿ, ಗಿಡಗಳೇ ಇಲ್ಲದ ಬೋಳು ವೃತ್ತಗಳು ಅಲ್ಲಿ ಉಂಟಾಗಿವೆ. ಅವುಗಳಿಂದ ಹೊರಬರುತ್ತಿದ್ದ ನೈಟ್ರಸ್ ಆಕ್ಸೈಡ್ ಕೃಷಿಭೂಮಿ ಅಥವಾ ಉಷ್ಣವಲಯದ ಮಣ್ಣಿನೊಂದಿಗೆ ಹೋಲಿಸಬಹುದಾದಷ್ಟಿತ್ತು. ಪಕ್ಕದಲ್ಲೇ ಗಿಡಗಳಿದ್ದ ನೆಲದಿಂದ ಮಾತ್ರ ಹೆಚ್ಚೇನೂ ಬರುತ್ತಿರಲಿಲ್ಲ. ಸಾರಜನಕವನ್ನು ಬೇರುಗಳು ಮೊದಲೇ ಬಾಚಿಕೊಳ್ಳುತ್ತಿದ್ದವು.

ಆದರೆ ಗಿಡ ಬೆಳೆದರೆ ಸಮಸ್ಯೆ ನೀಗುತ್ತದೆ ಎಂದೂ ಹೇಳುವಂತಿಲ್ಲ. ಲೆನಾ ಹಾಗೂ ಕೋಲಿಮಾ ನದಿಗಳ ದಂಡೆಯಲ್ಲಿ ಕುಸಿದ ಯೆಡೋಮಾ ಮಣ್ಣಿನ ಬಗ್ಗೆ 2021ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಸಾಕ್ಷಿ. ಆಗತಾನೇ ಕರಗಿದ ಹಸಿ ಮಣ್ಣಿನಿಂದ ಬಂದ ಅನಿಲ ಕಡಿಮೆ. ಕೆಲವು ವರ್ಷ ಕಳೆದು ಮಣ್ಣು ಒಣಗಿ ಹುಲ್ಲು ಹುಟ್ಟಿದ ಮೇಲೆಯೇ ಅದು ಹತ್ತರಿಂದ ನೂರು ಪಟ್ಟು ಮಟ್ಟಕ್ಕೆ, ಅಂದರೆ ಪರ್ಮಾಫ್ರಾಸ್ಟ್ ಮಣ್ಣುಗಳ ಸಾಮಾನ್ಯ ಪ್ರಮಾಣಕ್ಕಿಂತ ಅಷ್ಟು ಹೆಚ್ಚಿಗೆ, ಏರಿತು. ಅಷ್ಟರಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳ ಸಂಸಾರವೇ ಬದಲಾಗಿತ್ತು.

ಬೆಂಕಿಯದೂ ಒಂದು ಪಾತ್ರವಿದೆ. 2007ರಲ್ಲಿ ಟೂಲಿಕ್‌ಗೆ ಅಷ್ಟೇನೂ ದೂರವಲ್ಲದ ಅನಕ್ಟುವುಕ್ ನದಿ ಪ್ರದೇಶದಲ್ಲಿ ಸಿಡಿಲು ತಗುಲಿ 1,039 ಚದರ ಕಿ.ಮೀ. ಟಂಡ್ರಾ ಸುಟ್ಟುಹೋಯಿತು. ಸುಮಾರು 21 ಲಕ್ಷ ಟನ್ ಇಂಗಾಲ ಒಂದೇ ಋತುವಿನಲ್ಲಿ ಗಾಳಿ ಸೇರಿತು. ಮಣ್ಣಿನ ಮೇಲ್ಪದರ ಉರಿದಾಗ ಅದರಲ್ಲಿದ್ದ ಸಾರಜನಕವೂ ಹೊಗೆಯಾಗಿ ಹೋಗುತ್ತದೆ. ಹಾವಸೆಯೊಳಗಿನ ಬ್ಯಾಕ್ಟೀರಿಯಾಗಳು ಅದನ್ನು ಇಷ್ಟಿಷ್ಟಾಗಿ ಮತ್ತೆ ಕೂಡಿಹಾಕಬೇಕು. ಕಾಳ್ಗಿಚ್ಚನ್ನೂ ಲೆಕ್ಕಕ್ಕೆ ಸೇರಿಸಿದರೆ ಟಂಡ್ರಾ ಪ್ರದೇಶ ಇಂಗಾಲ ಹೀರುವ ಸ್ಥಿತಿಯಿಂದ ಇಂಗಾಲ ಉಗುಳುವ ಸ್ಥಿತಿಗೆ ತಿರುಗಿದೆ ಎಂದು ಅಮೆರಿಕದ ಸಾಗರ ಮತ್ತು ವಾತಾವರಣ ಆಡಳಿತ ಸಂಸ್ಥೆ 2024ರ ಡಿಸೆಂಬರಿನಲ್ಲಿ ಬಿಡುಗಡೆ ಮಾಡಿದ ವಾರ್ಷಿಕ ಆರ್ಕ್‌ಟಿಕ್ ವರದಿ ತಿಳಿಸಿತು.

ನಮಗೂ ಅಲ್ಲಿಗೂ

ಭಾರತಕ್ಕೆ ಟಂಡ್ರಾ ತೀರ ಅಪರಿಚಿತವೇನಲ್ಲ. ಸ್ವಾಲ್ಬಾರ್ಡಿನ ನಿ-ಆಲೆಸುಂಡ್‌ನಲ್ಲಿ 2008ರ ಜುಲೈ 1ರಂದು ನಮ್ಮ ದೇಶದ 'ಹಿಮಾದ್ರಿ' ಸಂಶೋಧನಾ ಕೇಂದ್ರ ಉದ್ಘಾಟನೆಗೊಂಡಿತು.

ಅದಕ್ಕಿಂತ ಹಳೆಯ ನಂಟು ಹಕ್ಕಿಗಳದ್ದು. ಚಳಿಗಾಲದಲ್ಲಿ ಕರ್ನಾಟಕದ ಕೆರೆಯಂಗಳಗಳಲ್ಲಿ, ಕರಾವಳಿಯ ಅಳಿವೆಗಳಲ್ಲಿ ಕೆಸರು ಕುಕ್ಕುತ್ತಾ ಓಡಾಡುವ ಪುಟ್ಟ ಹಕ್ಕಿಗಳ ಗುಂಪಿನಲ್ಲಿ ಲಿಟಲ್ ಸ್ಟಿಂಟ್ ಎಂಬುದೊಂದಿದೆ. ಗುಬ್ಬಿಗಿಂತ ದೊಡ್ಡದೇನಲ್ಲ, ತೂಕ 30 ಗ್ರಾಂ ಒಳಗೆ. ಬೇಸಿಗೆ ಬಲಿಯುತ್ತಿದ್ದಂತೆ ಇವು ಉತ್ತರಕ್ಕೆ ಹಾರಿ ಯುರೋಪ್ ಹಾಗೂ ಸೈಬೀರಿಯಾದ ಟಂಡ್ರಾ ಸೇರಿ, ಅಲ್ಲಿನ ಹಾವಸೆ, ಹುಲ್ಲುಗಳ ನಡುವೆ ನೆಲದ ಮೇಲೆಯೇ ಗೂಡು ಮಾಡುತ್ತವೆ. ಮೊಟ್ಟೆಯೊಡೆದ ಮರಿಗಳು ಆ ಕೆಸರಿನಿಂದ ಏಳುವ ನುಸಿ, ಹುಳುಗಳನ್ನು ತಾವೇ ಹೆಕ್ಕಿ ತಿಂದು ಕೆಲವೇ ವಾರಗಳಲ್ಲಿ ಹಾರಲು ಸಿದ್ಧವಾಗಬೇಕು. ಅವುಗಳ ರೆಕ್ಕೆಯ ಸ್ನಾಯುವಿಗೆ ಬೇಕಾದ ಸಾರಜನಕ ಅಷ್ಟೂ ಬರುವುದು ಆ ಒಂದು ಮೊಳ ಮಣ್ಣಿನಿಂದ. ಪೊದೆ ದಟ್ಟವಾಗಿ ಹಬ್ಬಿದ ಕಡೆ ಈ ಹಕ್ಕಿಗಳಿಗೆ ಬೇಕಾದ ತೆರೆದ ಬಯಲು ಇರುವುದಿಲ್ಲ. ಆಗಸ್ಟ್ ಕಳೆಯುವಷ್ಟರಲ್ಲಿ ಅವು ದಕ್ಷಿಣದ ದಾರಿ ಹಿಡಿಯುತ್ತವೆ. ಮಳೆಗಾಲ ಮುಗಿದು ಕೆರೆಯ ನೀರು ಅಂಚಿನಿಂದ ಹಿಂದೆ ಸರಿಯುವ ಹೊತ್ತಿಗೆ ಮತ್ತೆ ಇಲ್ಲಿ ಕಾಣಿಸಿಕೊಳ್ಳುತ್ತವೆ.